ದಾರ ಹಿಡಿದು ಕಲಿಯುವ ಕೋಶ ವಿಭಜನೆ ಮತ್ತು ಅನುವಂಶೀಯತೆ: ಜೀವಶಾಸ್ತ್ರ ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಪುಸ್ತಕದಲ್ಲಿ ಕೋಶ ವಿಭಜನೆ ಒಂದು ಪಾಠ, ಅನುವಂಶೀಯತೆ ಇನ್ನೊಂದು ಪಾಠ. ನಡುವೆ ಎಷ್ಟೋ ಪುಟಗಳು. ಹಾಗಾಗಿ ನಾವು ಓದುವುದೂ ಬೇರೆ ಬೇರೆಯಾಗಿಯೇ. ಈ ಕಡೆ ಪ್ರೋಫೇಸ್, ಮೆಟಾಫೇಸ್ ಅಂತ ಬಾಯಿಪಾಠ. ಆ ಕಡೆ 3:1, 9:3:3:1 ಅಂತ ಬಾಯಿಪಾಠ. ನಾನೂ ಹಾಗೇ ಓದಿದವನು. ಲೆಕ್ಕ ಸ್ವಲ್ಪ ತಿರುಚಿ ಕೇಳಿದರೆ ಕೈಕಾಲು ಆಡುತ್ತಿರಲಿಲ್ಲ.

ಆಮೇಲೆ ಗೊತ್ತಾಗಿದ್ದು ಇಷ್ಟು: ಮೆಂಡಲ್ ಹೇಳಿದ ಅನುಪಾತಗಳು ಹುಟ್ಟುವುದೇ ಮಿಯಾಸಿಸ್‌ನಲ್ಲಿ, ಅಂದರೆ ಅಂಡಾಣು, ವೀರ್ಯಾಣುಗಳಂಥ ಲಿಂಗಾಣುಗಳನ್ನು ಹುಟ್ಟಿಸುವ ಕೋಶ ವಿಭಜನೆಯಲ್ಲಿ. ಇವು ಎರಡು ಪಾಠ ಅಲ್ಲ, ಒಂದೇ ಪಾಠ. ಇತಿಹಾಸದಲ್ಲೂ ಇದು ಗೊತ್ತಾಗಲು ಸಮಯ ಹಿಡಿಯಿತು. ಮೆಂಡಲ್ ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿದ್ದು 1856ರಿಂದ 1863ರವರೆಗೆ, ಪ್ರಕಟಿಸಿದ್ದು 1866ರಲ್ಲಿ. ವಾಲ್ಟರ್ ಫ್ಲೆಮಿಂಗ್ ಮೈಟಾಸಿಸ್ (ಒಂದು ಕೋಶದಿಂದ ಅದರಂಥದೇ ಎರಡು ಕೋಶ ಆಗುವ ವಿಭಜನೆ) ಬಗ್ಗೆ ವಿವರವಾಗಿ ಬರೆದದ್ದು 1882ರಲ್ಲಿ. ಎರಡಕ್ಕೂ ಗಂಟು ಹಾಕಿದ್ದು ಸಟನ್ ಮತ್ತು ಬೊವೇರಿ, 1902-03ರ ಹೊತ್ತಿಗೆ. ಆ ಗಂಟನ್ನು ನಿಮ್ಮ ಕೈಯಲ್ಲೇ ಹಾಕಿ ನೋಡುವುದು ಈ ಮಾರ್ಗದರ್ಶಿಯ ಕೆಲಸ.

ಹಂತ 1: ದಾರ ಮತ್ತು ಗುಂಡಿ ಸಿದ್ಧ ಮಾಡಿ

ಬೇಕಾಗುವುದು ಎರಡು ಬಣ್ಣದ ಉಲ್ಲನ್ ದಾರ, ನಾಲ್ಕು ಜೊತೆ ಟಿಚ್ ಬಟನ್, ಒಂದು ದೊಡ್ಡ ಹಾಳೆ, ಅಂಟಿಸುವ ಸಣ್ಣ ಚೀಟಿಗಳು. ಕೆಂಪು ದಾರದಲ್ಲಿ ಎರಡು ಉದ್ದದ ತುಂಡು, ಎರಡು ಗಿಡ್ಡ ತುಂಡು ಕತ್ತರಿಸಿ. ನೀಲಿಯಲ್ಲೂ ಹಾಗೇ. ಒಟ್ಟು ಎಂಟು ತುಂಡು. ಪ್ರತಿ ತುಂಡಿಗೂ ಟಿಚ್ ಬಟನ್ನಿನ ಅರ್ಧ ಭಾಗ ಹೊಲಿಯಿರಿ. ಒಂದೇ ಬಣ್ಣದ, ಒಂದೇ ಅಳತೆಯ ಎರಡು ತುಂಡುಗಳ ಗುಂಡಿ ಒಂದಕ್ಕೊಂದು ಕೂರುವ ಹಾಗಿರಲಿ.

ಈಗ ಹೆಸರಿಡೋಣ. ದಾರ ಎಂದರೆ ವರ್ಣತಂತು, ಅಂದರೆ ಕ್ರೋಮೋಸೋಮ್. ಗುಂಡಿ ಅದರ ಸೆಂಟ್ರೋಮಿಯರ್, ಅಂದರೆ ನಕಲಾದ ಎರಡು ದಾರ ಅಂಟಿಕೊಂಡಿರುವ ಜಾಗ. ಕೆಂಪು ತಾಯಿಯಿಂದ ಬಂದದ್ದು, ನೀಲಿ ತಂದೆಯಿಂದ ಬಂದದ್ದು. ಉದ್ದ ಕೆಂಪು ಮತ್ತು ಉದ್ದ ನೀಲಿ ಸೇರಿ ಒಂದು ಸಮರೂಪಿ ಜೋಡಿ. ಗಿಡ್ಡವು ಇನ್ನೊಂದು ಜೋಡಿ. ನಮ್ಮ ಈ ಕೋಶದಲ್ಲಿ 2ಎನ್ (ಜೋಡಿಗಳೆಲ್ಲ ಸೇರಿ ಒಟ್ಟು ವರ್ಣತಂತು) = 4. ಬಟಾಣಿಯಲ್ಲಿ ಇದು 14, ಈರುಳ್ಳಿಯಲ್ಲಿ 16, ಹಣ್ಣಿನ ನೊಣದಲ್ಲಿ 8, ಮನುಷ್ಯರಲ್ಲಿ 46. ಮನುಷ್ಯರಲ್ಲಿ 48 ಇದೆ ಎಂದೇ ಬಹಳ ವರ್ಷ ನಂಬಿದ್ದರು. 46 ಎಂದು ಟ್ಜಿಯೋ ಮತ್ತು ಲೆವಾನ್ ಸರಿಯಾಗಿ ಎಣಿಸಿ ತೋರಿಸಿದ್ದು 1956ರಲ್ಲಿ. ಎಣಿಸುವುದು ಅಷ್ಟು ಸುಲಭ ಅಲ್ಲ ಅನ್ನುವುದಕ್ಕೆ ಈ ಮಾತು.

ನಮಗೆ ಎಣಿಕೆಗೆ ಒಂದೇ ನಿಯಮ ಸಾಕು: ದಾರ ಎಣಿಸಬೇಡಿ, ಗುಂಡಿ ಎಣಿಸಿ. ಬಿಡಿ ಅರ್ಧ ಗುಂಡಿ ಇದ್ದರೆ ಒಂದು ವರ್ಣತಂತು. ಎರಡು ಅರ್ಧ ಸೇರಿ ಕೂತಿದ್ದರೂ ಒಂದೇ ವರ್ಣತಂತು. ಮುಂದೆ ಬರುವ ಗೊಂದಲಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಕರಗುತ್ತವೆ.

ಹಂತ 2: ಜೀನ್ ಮತ್ತು ಅಲೀಲ್ ವ್ಯತ್ಯಾಸ ಕಣ್ಣಾರೆ ನೋಡಿ

ಜೀನ್ ಎಂದರೆ ಡಿಎನ್‌ಎಯ ಒಂದು ತುಂಡು, ಒಂದು ಕೆಲಸಕ್ಕೆ ಬೇಕಾದ ಸೂಚನೆ ಇರುವ ಜಾಗ. ಆ ಜಾಗದಲ್ಲಿ ಸೂಚನೆ ಒಂದಕ್ಕಿಂತ ಹೆಚ್ಚು ರೂಪದಲ್ಲಿ ಇರಬಹುದು. ಆ ರೂಪಗಳೇ ಅಲೀಲ್‌ಗಳು. ಇಷ್ಟು ಹೇಳಿದರೆ ತಲೆಗೆ ಹೋಗುವುದಿಲ್ಲ. ಮೆಂಡಲ್‌ನ ಗುಂಡಗಿನ ಕಾಳು, ಸುಕ್ಕು ಕಾಳನ್ನೇ ಹತ್ತಿರದಿಂದ ನೋಡೋಣ.

ಬಟಾಣಿ ಕಾಳಿನಲ್ಲಿ ಪಿಷ್ಟಕ್ಕೆ ಕವಲು ಹಾಕುವ ಒಂದು ಕಿಣ್ವ ಇದೆ. ಅದನ್ನು ತಯಾರಿಸುವ ಜೀನ್ ಸರಿಯಾಗಿದ್ದರೆ ಸಕ್ಕರೆ ಪಿಷ್ಟವಾಗಿ ಕೂತುಬಿಡುತ್ತದೆ. ಸುಕ್ಕು ಕಾಳಿನ ಗಿಡದಲ್ಲಿ ಆ ಜೀನಿನ ಮಧ್ಯೆ ಡಿಎನ್‌ಎಯ ಬೇರೊಂದು ತುಂಡು ಬಂದು ಸೇರಿಕೊಂಡಿದೆ. ಕಿಣ್ವ ಸರಿಯಾಗಿ ತಯಾರಾಗುವುದಿಲ್ಲ. ಸಕ್ಕರೆ ಪಿಷ್ಟವಾಗದೆ ಹಾಗೇ ಉಳಿಯುತ್ತದೆ. ಸಕ್ಕರೆ ಜಾಸ್ತಿ ಇದ್ದರೆ ಕಾಳು ನೀರನ್ನು ಎಳೆದುಕೊಂಡು ಉಬ್ಬುತ್ತದೆ. ಒಣಗುವಾಗ ನೀರು ಹೋಗುತ್ತದೆ, ಉಬ್ಬಿದ ಸಿಪ್ಪೆ ಮಡಿಕೆ ಬೀಳುತ್ತದೆ. ಅದೇ ಸುಕ್ಕು.

ಹಾಗಾದರೆ ಎರಡು ಅಲೀಲ್‌ಗಳಲ್ಲಿ ಒಂದು ಸರಿಯಿದ್ದು ಇನ್ನೊಂದು ಕೆಟ್ಟಿದ್ದರೆ? ಒಂದರಿಂದ ಬರುವ ಕಿಣ್ವವೇ ಕಾಳು ಗುಂಡಗಿರಲು ಸಾಕು. ಅದಕ್ಕೇ ಗುಂಡಗಿನದು ಪ್ರಬಲ, ಸುಕ್ಕು ದುರ್ಬಲ. ಪ್ರಬಲ ಅಲೀಲ್ ಬಂದು ದುರ್ಬಲವನ್ನು ಒತ್ತಿ ಹಿಡಿಯುವುದಿಲ್ಲ, ಇದನ್ನು ದಯವಿಟ್ಟು ನೆನಪಿಡಿ. ಅಂಥ ಕಾಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪಿಷ್ಟದ ಕಣಗಳು ಎರಡರ ಮಧ್ಯದ ಗಾತ್ರದಲ್ಲಿ ಇರುತ್ತವೆ. ಹೊರಗಿನ ಆಕಾರ ನೋಡಿದರೆ ಪ್ರಬಲ, ಪಿಷ್ಟದ ಕಣ ನೋಡಿದರೆ ನಡುವಿನದು. ಪ್ರಾಬಲ್ಯ ಅನ್ನುವುದು ನಾವು ಏನನ್ನು ಅಳೆಯುತ್ತೇವೆ ಅನ್ನುವುದರ ಮೇಲೂ ನಿಂತಿದೆ.

ಈಗ ಚೀಟಿ ಅಂಟಿಸಿ. ಉದ್ದ ಕೆಂಪು ದಾರದ ತುದಿಗೆ ‘ಗು’, ಉದ್ದ ನೀಲಿಯಲ್ಲಿ ಅದೇ ಜಾಗಕ್ಕೆ ‘ಸು’. ಕಾಳಿನ ಬಣ್ಣಕ್ಕೆ ಗಿಡ್ಡ ಕೆಂಪಿಗೆ ‘ಹಳ’, ಗಿಡ್ಡ ನೀಲಿಗೆ ‘ಹಸಿ’. ಹಳದಿ ಪ್ರಬಲ. ಪರೀಕ್ಷೆಯಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರ ಬರೆಯುತ್ತೇವಲ್ಲ, ಆಗ ಸಿ, ಎಸ್, ಡಬ್ಲ್ಯೂ ಥರದ ಅಕ್ಷರಗಳನ್ನು ಆದಷ್ಟು ಬಿಡಿ. ಕೈಬರಹದಲ್ಲಿ ಅವುಗಳ ದೊಡ್ಡದು, ಸಣ್ಣದು ಒಂದೇ ಥರ ಕಾಣುತ್ತವೆ. ಆರ್, ಬಿ, ಟಿ ಆದರೆ ಎಡವಟ್ಟಾಗುವುದಿಲ್ಲ.

ಹಂತ 3: ಮೈಟಾಸಿಸ್ ಆಡಿಸಿ

ಹಾಳೆಯ ಮೇಲೆ ದೊಡ್ಡ ವೃತ್ತ ಬರೆದು ನಾಲ್ಕು ದಾರ ಇಡಿ: ಉದ್ದ ಕೆಂಪು, ಉದ್ದ ನೀಲಿ, ಗಿಡ್ಡ ಕೆಂಪು, ಗಿಡ್ಡ ನೀಲಿ. ಇದು ಜಿ1 ಹಂತ. ಕೋಶ ಬೆಳೆಯುತ್ತಿದೆ, ತನ್ನ ಕೆಲಸ ಮಾಡುತ್ತಿದೆ.

ಮುಂದೆ ಎಸ್ ಹಂತ. ಡಿಎನ್‌ಎ ನಕಲಾಗುತ್ತದೆ. ಉಳಿದ ನಾಲ್ಕು ದಾರಗಳನ್ನು ತಂದು ಅದರದರ ಜೊತೆಗೆ ಟಿಚ್ ಎಂದು ಕೂರಿಸಿ. ಚೀಟಿಯ ಅಕ್ಷರವೂ ಹಾಗೇ ನಕಲಾಗಬೇಕು. ಈ ಅಂಟಿಕೊಂಡ ಎರಡು ದಾರಗಳೇ ಸೋದರ ಕ್ರೊಮ್ಯಾಟಿಡ್‌ಗಳು. ಈಗ ಗುಂಡಿ ಎಣಿಸಿ. ನಾಲ್ಕೇ ಇದೆ ಅಲ್ವಾ? ಡಿಎನ್‌ಎ ಮಾತ್ರ ಎರಡರಷ್ಟಾಯಿತು. ಡಿಎನ್‌ಎ ಪ್ರಮಾಣ (ಅದರ ಗುರುತು ‘ಸಿ’) 2ಸಿಯಿಂದ 4ಸಿ ಆಗುತ್ತದೆ, ವರ್ಣತಂತುವಿನ ಸಂಖ್ಯೆ 2ಎನ್ ಆಗಿಯೇ ಉಳಿಯುತ್ತದೆ ಎಂದು ಪುಸ್ತಕ ಹೇಳುವುದು ಇದನ್ನೇ.

ಜಿ2ರಲ್ಲಿ ಕೋಶ ವಿಭಜನೆಗೆ ತಯಾರಾಗುತ್ತದೆ. ಮನುಷ್ಯರ ಕೋಶ ಪ್ರಯೋಗಾಲಯದಲ್ಲಿ ಬೆಳೆಯುವಾಗ ಒಂದು ಸುತ್ತಿಗೆ ಸುಮಾರು 24 ಗಂಟೆ ತೆಗೆದುಕೊಳ್ಳುತ್ತದೆ. ನಿಜವಾದ ವಿಭಜನೆ ಅದರಲ್ಲಿ ಸುಮಾರು ಒಂದು ಗಂಟೆ ಮಾತ್ರ. ಉಳಿದದ್ದೆಲ್ಲ ಇಂಟರ್‌ಫೇಸ್. ಅದನ್ನು ವಿಶ್ರಾಂತಿ ಹಂತ ಎಂದು ಬರೆಯಬೇಡಿ. ಕೋಶ ಅತಿ ಹೆಚ್ಚು ದುಡಿಯುವುದು ಆಗಲೇ.

ಪ್ರೋಫೇಸ್‌ನಲ್ಲಿ ದಾರಗಳು ಸುರುಳಿ ಸುತ್ತಿ ದಪ್ಪಗಾಗುತ್ತವೆ. ಕೋಶಕೇಂದ್ರದ ಪೊರೆ ಕರಗುತ್ತದೆ. ಮೆಟಾಫೇಸ್‌ನಲ್ಲಿ ನಾಲ್ಕೂ ಗುಂಡಿಗಳನ್ನು ವೃತ್ತದ ನಡುಗೆರೆಯ ಮೇಲೆ ಸಾಲಾಗಿ ಇಡಿ. ಎರಡೂ ಧ್ರುವಗಳಿಂದ ಸ್ಪಿಂಡಲ್ ಎಳೆಗಳು ಬಂದು ಗುಂಡಿಯನ್ನು ಹಿಡಿದಿವೆ. ಕೆಂಪು, ನೀಲಿ ಪಕ್ಕಪಕ್ಕ ಬರಬೇಕು ಎಂದೇನಿಲ್ಲ. ಇಲ್ಲಿ ಜೋಡಿ ಆಗುವ ಮಾತೇ ಇಲ್ಲ.

ಅನಾಫೇಸ್‌ನಲ್ಲಿ ಗುಂಡಿ ಬಿಚ್ಚಿ. ಟಪ್ ಎಂದು ಬಿಡುತ್ತದೆ. ಆ ಕ್ಷಣಕ್ಕೆ ಎಣಿಸಿದರೆ ಬಿಡಿ ಗುಂಡಿಗಳು ಎಂಟು! ಅಂದರೆ ಅನಾಫೇಸ್‌ನಲ್ಲಿರುವ ಮನುಷ್ಯರ ಕೋಶದಲ್ಲಿ 92 ವರ್ಣತಂತುಗಳು. ಈ ಪ್ರಶ್ನೆಗೆ 46 ಎಂದು ಬರೆದು ಅಂಕ ಕಳೆದುಕೊಳ್ಳುವವರು ತುಂಬಾ. ಆಮೇಲೆ ಟೀಲೋಫೇಸ್, ಎರಡು ಕೋಶಕೇಂದ್ರ. ಕೊನೆಗೆ ಕೋಶದ್ರವ್ಯ ಹಂಚಿಕೆ. ಪ್ರಾಣಿ ಕೋಶ ಹೊರಗಿನಿಂದ ಒಳಕ್ಕೆ ಸೊಂಟ ಹಿಡಿದಂತೆ ಕಿರಿದಾಗುತ್ತದೆ. ಗಿಡದ ಕೋಶದಲ್ಲಿ ನಡುವೆ ತಟ್ಟೆ ಹುಟ್ಟಿ ಹೊರಕ್ಕೆ ಬೆಳೆಯುತ್ತದೆ.

ಹಂತ 4: ನಿಜವಾದ ಕೋಶದಲ್ಲಿ ನೋಡಿ

ದಾರದಲ್ಲಿ ಆಡಿಸಿದ್ದನ್ನು ಈರುಳ್ಳಿ ಬೇರಿನ ತುದಿಯಲ್ಲಿ ನೋಡದಿದ್ದರೆ ಅರ್ಧ ಕಲಿಕೆ. ಈರುಳ್ಳಿಯ ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಮೇಲೆ ಕೂರಿಸಿ. ಎರಡು ಮೂರು ದಿನಕ್ಕೆ ಬಿಳಿ ಬೇರು ಬರುತ್ತದೆ. ಬೆಳಿಗ್ಗೆ ಹೊತ್ತು ತುದಿಗಳನ್ನು ಕತ್ತರಿಸಿ. ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಆಲ್ಕೋಹಾಲ್ ಇರುವ ದ್ರಾವಣದಲ್ಲಿ 24 ಗಂಟೆ ಇಡಿ. ಕೋಶಗಳು ಇದ್ದ ಹಂತದಲ್ಲೇ ನಿಂತುಬಿಡುತ್ತವೆ. ಆಮೇಲೆ ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸ್ವಲ್ಪ ಬೆಚ್ಚಗೆ ಮಾಡಿದರೆ ಕೋಶಗಳ ನಡುವಿನ ಅಂಟು ಸಡಿಲವಾಗುತ್ತದೆ. ನೀರಿನಲ್ಲಿ ತೊಳೆದು ಅಸಿಟೋಕಾರ್ಮೈನ್ ಬಣ್ಣ ಹಾಕಿ. ಆಮ್ಲದ ಕೆಲಸ ಪ್ರಯೋಗಾಲಯದಲ್ಲಿ, ಹಿರಿಯರು ಎದುರಿಗಿದ್ದಾಗ ಮಾತ್ರ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಎರಡು. ಒಂದು, ಬೇರಿನ ಉದ್ದ ತುಂಡನ್ನು ಹಾಗೇ ಗಾಜಿನ ಮೇಲೆ ಇಡುವುದು. ವಿಭಜನೆ ಆಗುವುದು ತುದಿಯ 2-3 ಮಿಲಿಮೀಟರ್‌ನಲ್ಲಿ ಮಾತ್ರ. ಗಾಢವಾಗಿ ಬಣ್ಣ ಹಿಡಿದ ಆ ಚುಕ್ಕಿಯನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ತೆಗೆದುಹಾಕಿ. ಎರಡು, ಕವರ್‌ಸ್ಲಿಪ್ ಮೇಲೆ ಒತ್ತುವಾಗ ಬೆರಳು ಜಾರಿಸುವುದು. ಜಾರಿದರೆ ಕೋಶಗಳು ಹರಿದು ಉರುಳೆಯಾಗುತ್ತವೆ. ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಮೇಲೆ ಹೀರುಕಾಗದ ಇಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಕೋಶಗಳು ಒಂದೇ ಪದರಕ್ಕೆ ಹರಡುತ್ತವೆ.

ಮೊದಲು ಕಡಿಮೆ ಶಕ್ತಿಯ ಮಸೂರದಲ್ಲಿ ಚೌಕಾಕಾರದ ಸಣ್ಣ ಕೋಶಗಳನ್ನು ಹುಡುಕಿ. ಉದ್ದುದ್ದ ಕೋಶ ಕಂಡರೆ ನೀವು ತುದಿಯಿಂದ ದೂರ ಇದ್ದೀರಿ. ಬಳಿಕ ಹೆಚ್ಚು ಶಕ್ತಿಗೆ ಹೋಗಿ 200 ಕೋಶ ಎಣಿಸಿ. ಅದರಲ್ಲಿ ವಿಭಜನೆಯಲ್ಲಿರುವವು 20 ಇದ್ದರೆ ಮೈಟಾಟಿಕ್ ಸೂಚ್ಯಂಕ 10 ಶೇಕಡಾ. ಪ್ರೋಫೇಸ್ ಜಾಸ್ತಿ, ಅನಾಫೇಸ್ ತೀರಾ ಕಡಿಮೆ ಸಿಗುತ್ತವೆ. ಹಾಗೇಕೆ? ಒಂದು ಹಂತ ಎಷ್ಟು ಹೊತ್ತು ಇರುತ್ತದೋ ಅಷ್ಟು ಹೆಚ್ಚು ಕೋಶ ಆ ಹಂತದಲ್ಲಿ ಸಿಗುತ್ತವೆ. ಸುಮ್ನೆ ಎಣಿಸಿದ್ದಕ್ಕೆ ಸಮಯದ ಲೆಕ್ಕವೂ ಸಿಕ್ಕಿಬಿಡುತ್ತದೆ.

ಹಂತ 5: ಮಿಯಾಸಿಸ್, ಇಲ್ಲಿ ಅವಸರ ಬೇಡ

ಮತ್ತೆ ಎಸ್ ಹಂತ ಮುಗಿಸಿದ ಕೋಶದಿಂದ ಶುರು ಮಾಡಿ. ನಾಲ್ಕು ಗುಂಡಿ, ಎಂಟು ದಾರ. ಈ ಸಲ ಉದ್ದ ಕೆಂಪು ಜೋಡಿದಾರವನ್ನು ಉದ್ದ ನೀಲಿ ಜೋಡಿದಾರದ ಪಕ್ಕಕ್ಕೆ ತಾಗಿಸಿ ಮಲಗಿಸಿ. ಗಿಡ್ಡವನ್ನೂ ಹಾಗೇ. ಮೈಟಾಸಿಸ್‌ನಲ್ಲಿ ಇಲ್ಲದ್ದು ಇದೇ, ಸಮರೂಪಿಗಳು ಒಂದನ್ನೊಂದು ಹುಡುಕಿಕೊಂಡು ಬಂದು ಜೋಡಿಯಾಗುವುದು.

ಮೊದಲ ಪ್ರೋಫೇಸ್‌ಗೆ ಐದು ಹೆಸರು: ಲೆಪ್ಟೋಟೀನ್, ಜೈಗೋಟೀನ್, ಪ್ಯಾಕಿಟೀನ್, ಡಿಪ್ಲೋಟೀನ್, ಡಯಾಕೈನೆಸಿಸ್. ಜೈಗೋಟೀನ್‌ನಲ್ಲಿ ಜೋಡಿಯಾಗುತ್ತವೆ, ಪ್ಯಾಕಿಟೀನ್‌ನಲ್ಲಿ ತುಂಡುಗಳ ವಿನಿಮಯ, ಡಿಪ್ಲೋಟೀನ್‌ನಲ್ಲಿ ಕಯಾಸ್ಮಾ (ವಿನಿಮಯ ಆದ ಜಾಗದಲ್ಲಿ ದಾರಗಳು ಅಡ್ಡಹಾಯ್ದ ಗುರುತು) ಕಾಣುತ್ತದೆ. ಈ ಮೂರು ತಿಳಿದಿದ್ದರೆ ಮೊದಲನೆಯದೂ ಕೊನೆಯದೂ ತಾವಾಗಿ ನೆನಪಿರುತ್ತವೆ. ವಿನಿಮಯ ಎಂದರೇನು ನೋಡಬೇಕಾದರೆ, ಒಂದು ಕೆಂಪು ಮತ್ತು ಒಂದು ನೀಲಿ ದಾರದ ತುದಿಯನ್ನು ಒಂದೇ ಜಾಗದಲ್ಲಿ ಕತ್ತರಿಸಿ ಅದಲುಬದಲು ಗಂಟು ಹಾಕಿ. ಸದ್ಯಕ್ಕೆ ಹಾಕಬೇಡಿ, ಕೊನೆಯಲ್ಲಿ ಬೇಕಾಗುತ್ತದೆ.

ಮೊದಲ ಅನಾಫೇಸ್‌ನಲ್ಲಿ ಗುಂಡಿ ಬಿಚ್ಚಬಾರದು! ಉದ್ದ ಕೆಂಪು ಜೋಡಿದಾರ ಒಂದು ಕಡೆಗೆ, ಉದ್ದ ನೀಲಿ ಇನ್ನೊಂದು ಕಡೆಗೆ. ಗಿಡ್ಡವೂ ಹೀಗೇ. ಈಗ ಪ್ರತಿ ಕೋಶದಲ್ಲಿ ಎರಡೇ ಗುಂಡಿ. ಸಂಖ್ಯೆ ಅರ್ಧವಾಗುವುದು ಇಲ್ಲಿ. ಎರಡನೆಯ ವಿಭಜನೆಯಲ್ಲಿ ಗುಂಡಿ ಬಿಚ್ಚುತ್ತದೆ, ಸೋದರ ದಾರಗಳು ಬೇರೆಯಾಗುತ್ತವೆ. ನಾಲ್ಕು ಕೋಶ, ಪ್ರತಿಯೊಂದರಲ್ಲೂ ಎರಡು ದಾರ.

ಈಗ ಮೊದಲ ಮೆಟಾಫೇಸ್‌ಗೆ ಹಿಂತಿರುಗಿ. ಉದ್ದ ಕೆಂಪು ಎಡಕ್ಕಿದ್ದರೆ ಗಿಡ್ಡ ಕೆಂಪೂ ಎಡಕ್ಕೇ ಇರಬೇಕೆ? ಬೇಕಿಲ್ಲ. ಗಿಡ್ಡ ಜೋಡಿಯನ್ನು ತಿರುಗಿಸಿ ಇಟ್ಟು ಇನ್ನೊಮ್ಮೆ ಆಡಿಸಿ. ಮೊದಲ ಸಲ ಲಿಂಗಾಣುಗಳು ‘ಗು ಹಳ’ ಮತ್ತು ‘ಸು ಹಸಿ’. ಎರಡನೆಯ ಸಲ ‘ಗು ಹಸಿ’ ಮತ್ತು ‘ಸು ಹಳ’. ಎರಡೂ ಜೋಡಣೆ ಸಮಸಮ ಆಗುವುದರಿಂದ ನಾಲ್ಕು ಬಗೆಯೂ ಸಮಪಾಲು. ಸ್ವತಂತ್ರ ವಿಂಗಡಣೆ ಎಂಬ ನಿಯಮ ಇಷ್ಟೇ. ಎರಡು ಜೋಡಿಗೆ ನಾಲ್ಕು ಬಗೆ. ಮನುಷ್ಯರ 23 ಜೋಡಿಗೆ 2ರ 23ನೇ ಘಾತ, ಅಂದರೆ 83,88,608 ಬಗೆ. ಇದು ವಿನಿಮಯವನ್ನು ಲೆಕ್ಕಕ್ಕೆ ಹಿಡಿಯದೆ.

ಹಂತ 6: ಲೆಕ್ಕ ಬಿಡಿಸುವ ಕ್ರಮ

ಯಾವ ಲೆಕ್ಕವೇ ಇರಲಿ, ಮೊದಲು ಪೋಷಕರ ಜೀನೋಟೈಪ್, ಅಂದರೆ ಅವರಲ್ಲಿರುವ ಅಲೀಲ್‌ಗಳನ್ನು ಬರೆಯಿರಿ. ಆಮೇಲೆ ಲಿಂಗಾಣು ಬರೆಯಿರಿ. ಆಮೇಲೆಯೇ ಚೌಕ, ಅಂದರೆ ಇಬ್ಬರ ಲಿಂಗಾಣುಗಳನ್ನು ಎರಡು ಬದಿಯಲ್ಲಿ ಬರೆದು ಮನೆ ತುಂಬುವ ಪನೆಟ್ ಚೌಕ. ಲಿಂಗಾಣು ಬರೆಯುವ ಹೆಜ್ಜೆಯನ್ನು ನುಂಗಿಬಿಟ್ಟರೆ ಮಿಯಾಸಿಸ್ ಅನ್ನೇ ನುಂಗಿದ ಹಾಗೆ. ಒಂದು ಲಿಂಗಾಣುವಿನಲ್ಲಿ ಒಂದು ಜೀನಿಗೆ ಒಂದೇ ಅಕ್ಷರ ಇರಬೇಕು. ‘ಗು ಸು’ ಎಂದು ಎರಡೂ ಒಂದೇ ಲಿಂಗಾಣುವಿನಲ್ಲಿ ಬಂದಿದ್ದರೆ ಅಲ್ಲೇ ತಪ್ಪಿದೆ.

ಎರಡೂ ಕಡೆ ‘ಗು ಸು’ ಇದ್ದರೆ ಸಂತಾನದಲ್ಲಿ 1:2:1, ನೋಡಲು 3:1. ಮೆಂಡಲ್‌ಗೆ ಸಿಕ್ಕಿದ್ದು 5474 ಗುಂಡಗಿನ ಕಾಳು, 1850 ಸುಕ್ಕು ಕಾಳು. ಭಾಗಿಸಿದರೆ 2.96. ಸರಿಯಾಗಿ 3 ಬರಲಿಲ್ಲ, ಬರಬೇಕಾಗಿಯೂ ಇಲ್ಲ. 3:1 ಎಂಬುದು ಸಂಭವನೀಯತೆ. ನಾಲ್ಕು ಕಾಳು ತೆಗೆದರೆ ಒಂದು ಸುಕ್ಕು ಇದ್ದೇ ಇರುತ್ತದೆ ಎಂದು ಅರ್ಥವಲ್ಲ.

ಎರಡು ಗುಣ ಬಂದಾಗ 16 ಮನೆಯ ಚೌಕ ಹಾಕಲು ಹೋಗಬೇಡಿ. ಒಂದೊಂದು ಗುಣವನ್ನು ಬೇರೆ ಮಾಡಿ, ಗುಣಿಸಿ. ಗುಂಡಗೆ 3/4, ಹಳದಿ 3/4. ಗುಂಡಗಿನ ಹಳದಿ 9/16. ಗುಂಡಗಿನ ಹಸಿರು 3/16. ಸುಕ್ಕು ಹಳದಿ 3/16. ಸುಕ್ಕು ಹಸಿರು 1/16. ಗುಣಾಕಾರ ಯಾಕೆ ನಡೆಯುತ್ತದೆ ಅಂದರೆ, ಗಿಡ್ಡ ಜೋಡಿ ಯಾವ ಕಡೆ ತಿರುಗಿದೆ ಎಂದು ಉದ್ದ ಜೋಡಿಗೆ ಗೊತ್ತಿಲ್ಲ. ಮೂರು ಗುಣ ಬಂದರೆ ಚೌಕಕ್ಕೆ 64 ಮನೆ ಬೇಕು. ಗುಣಾಕಾರಕ್ಕೆ ಒಂದು ಸಾಲು ಸಾಕು.

ಮೆಂಡಲ್ 556 ಕಾಳುಗಳಲ್ಲಿ ಕಂಡದ್ದು 315, 108, 101, 32. ನಿರೀಕ್ಷೆ 312.75, 104.25, 104.25, 34.75. ಕಂಡದ್ದು ನಿರೀಕ್ಷೆಗೆ ಒಪ್ಪುತ್ತದೆಯೇ ಎಂದು ನೋಡುವ ಕೈ-ವರ್ಗ ಪರೀಕ್ಷೆ ಮಾಡೋಣ. ವ್ಯತ್ಯಾಸದ ವರ್ಗವನ್ನು ನಿರೀಕ್ಷೆಯಿಂದ ಭಾಗಿಸಿ, ನಾಲ್ಕನ್ನೂ ಕೂಡಿಸಿದರೆ ಸುಮಾರು 0.47. ಮೂರು ಸ್ವಾತಂತ್ರ್ಯ ಮಟ್ಟಕ್ಕೆ (ನಾಲ್ಕು ಗುಂಪಿಗಿಂತ ಒಂದು ಕಡಿಮೆ) 5 ಶೇಕಡಾ ಗಡಿ 7.815. ಗಡಿಗಿಂತ ತುಂಬಾ ಕೆಳಗಿದೆ. ಅಂದರೆ 9:3:3:1ಕ್ಕೆ ಈ ಅಂಕಿಗಳು ಚೆನ್ನಾಗಿ ಒಪ್ಪುತ್ತವೆ.

ಆದರೆ ಎರಡು ಚೀಟಿಗಳೂ ಒಂದೇ ದಾರದಲ್ಲಿದ್ದರೆ? ಆಗ ಗುಣಾಕಾರ ನಡೆಯುವುದಿಲ್ಲ. ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ. ವಿಜ್ಞಾನಿ ಮಾರ್ಗನ್ ಹಣ್ಣಿನ ನೊಣದಲ್ಲಿ ಕಂಡದ್ದು ಇದನ್ನೇ. ಹಳದಿ ಮೈ ಮತ್ತು ಬಿಳಿ ಕಣ್ಣಿನ ಜೀನ್‌ಗಳು ಬೇರೆಯಾದದ್ದು 1.3 ಶೇಕಡಾ ಮಾತ್ರ. ಬಿಳಿ ಕಣ್ಣು ಮತ್ತು ಗಿಡ್ಡ ರೆಕ್ಕೆಯವು 37.2 ಶೇಕಡಾ. ಚೀಟಿಗಳು ದೂರ ಇದ್ದಷ್ಟೂ ಅವುಗಳ ನಡುವೆ ಕತ್ತರಿ ಬೀಳುವ ಸಾಧ್ಯತೆ ಜಾಸ್ತಿ. ಈ ಒಂದು ಯೋಚನೆಯಿಂದ ಮಾರ್ಗನ್‌ರ ವಿದ್ಯಾರ್ಥಿ ಸ್ಟರ್ಟೆವಂಟ್ 1913ರಲ್ಲಿ ವರ್ಣತಂತುವಿನ ಮೊದಲ ನಕ್ಷೆ ಪ್ರಕಟಿಸಿದರು.

ವಂಶವೃಕ್ಷದ ಲೆಕ್ಕಕ್ಕೆ ಒಂದೇ ಎಚ್ಚರಿಕೆ. ತಂದೆ ತಾಯಿ ಇಬ್ಬರೂ ಚೆನ್ನಾಗಿದ್ದು ಮಗುವಿಗೆ ದುರ್ಬಲ ಅಲೀಲ್‌ನ ಕಾಯಿಲೆ ಇದೆ, ಜೀನ್ ಇರುವುದು ಲಿಂಗ ವರ್ಣತಂತುವಿನಲ್ಲಿ ಅಲ್ಲ ಎಂದುಕೊಳ್ಳಿ. ಕಾಯಿಲೆ ಇಲ್ಲದ ಇನ್ನೊಂದು ಮಗು ವಾಹಕ (ಕಾಯಿಲೆ ಇಲ್ಲದೆ ಒಂದು ದುರ್ಬಲ ಅಲೀಲ್ ಹೊತ್ತಿರುವವರು) ಆಗಿರುವ ಸಂಭವ ಎಷ್ಟು? 1/2 ಅಲ್ಲ, 2/3. ಆ ಮಗುವಿಗೆ ಕಾಯಿಲೆ ಇಲ್ಲ ಎಂದು ನಮಗೆ ಆಗಲೇ ಗೊತ್ತು. ನಾಲ್ಕು ಮನೆಯಲ್ಲಿ ಒಂದನ್ನು ಹೊಡೆದುಹಾಕಿ. ಉಳಿದ ಮೂರರಲ್ಲಿ ಎರಡು ವಾಹಕ.

ಹಂತ 7: ಗುಂಡಿ ಬಿಚ್ಚದಿದ್ದರೆ

ಮೊದಲ ವಿಭಜನೆಯಲ್ಲಿ ಒಂದು ಸಮರೂಪಿ ಜೋಡಿ ಬೇರೆಯಾಗದೆ ಒಂದೇ ಕಡೆಗೆ ಹೋದರೆ ನಾಲ್ಕೂ ಲಿಂಗಾಣುಗಳು ಕೆಡುತ್ತವೆ: ಎರಡರಲ್ಲಿ ಒಂದು ಹೆಚ್ಚು, ಎರಡರಲ್ಲಿ ಒಂದು ಕಡಿಮೆ. ಎರಡನೆಯ ವಿಭಜನೆಯಲ್ಲಿ ಒಂದು ಕೋಶ ತಪ್ಪಿದರೆ ಎರಡು ಸರಿ, ಎರಡು ತಪ್ಪು. ಡೌನ್ ಸಿಂಡ್ರೋಮ್‌ನಲ್ಲಿ 21ನೇ ವರ್ಣತಂತು ಮೂರು ಇರುತ್ತವೆ ಎಂದು ಲೆಜೂನ್, ಗೋತಿಯೆ, ಟರ್ಪಿನ್ 1959ರಲ್ಲಿ ತೋರಿಸಿದರು. ಹೆಣ್ಣಿನಲ್ಲಿ ಅಂಡಾಣು ಆಗಬೇಕಾದ ಕೋಶಗಳು ಹುಟ್ಟುವ ಮೊದಲೇ ಮೊದಲ ಪ್ರೋಫೇಸ್‌ಗೆ ಬಂದು ನಿಲ್ಲುತ್ತವೆ. ಹತ್ತಾರು ವರ್ಷ ಹಾಗೇ ಕಾಯುತ್ತವೆ. ತಾಯಿಯ ವಯಸ್ಸು ಹೆಚ್ಚಿದಂತೆ ಇಂಥ ತಪ್ಪು ಹೆಚ್ಚುವುದಕ್ಕೆ ಈ ದೀರ್ಘ ಕಾಯುವಿಕೆಯೂ ಒಂದು ಕಾರಣ.

ಈಗ ಎಲ್ಲವನ್ನೂ ಸೇರಿಸುವ ಒಂದು ಲೆಕ್ಕ. ಕೆಂಪು-ಹಸಿರು ಬಣ್ಣಗುರುಡಿನ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ, ದುರ್ಬಲ. ತಾಯಿ ವಾಹಕ, ತಂದೆಗೆ ತೊಂದರೆ ಇಲ್ಲ. ಅವರಿಗೆ ಎರಡು ಎಕ್ಸ್, ಒಂದು ವೈ ಇರುವ ಮಗ ಹುಟ್ಟಿದ. ಅವನಿಗೆ ಬಣ್ಣಗುರುಡು ಇದೆ. ತಪ್ಪಾದದ್ದು ಯಾರಲ್ಲಿ, ಯಾವ ವಿಭಜನೆಯಲ್ಲಿ?

ಉದ್ದ ದಾರಗಳನ್ನೇ ತಾಯಿಯ ಎಕ್ಸ್ ಎಂದುಕೊಳ್ಳಿ. ಹಳೆಯ ಚೀಟಿ ಕಿತ್ತು ಕೆಂಪಿಗೆ ‘ಬ’, ನೀಲಿಗೆ ‘ಸರಿ’ ಎಂದು ತುದಿಯಲ್ಲಿ ಅಂಟಿಸಿ. ಮಗನಿಗೆ ‘ಸರಿ’ ಒಂದೂ ಸಿಕ್ಕಿಲ್ಲ, ಹಾಗಾಗಿ ತಂದೆಯ ಎಕ್ಸ್ ಬಂದಿಲ್ಲ. ಬಂದದ್ದು ವೈ ಮಾತ್ರ. ಎರಡೂ ಎಕ್ಸ್ ತಾಯಿಯದೇ, ಎರಡರಲ್ಲೂ ‘ಬ’. ಮೊದಲ ವಿಭಜನೆ ತಪ್ಪಿದರೆ ಒಂದು ಕೆಂಪು, ಒಂದು ನೀಲಿ ಬರಬೇಕು. ಆಗ ಒಂದು ‘ಸರಿ’ ಇರುತ್ತಿತ್ತು. ಎರಡೂ ಕೆಂಪು ಬರಬೇಕಾದರೆ ಎರಡನೆಯ ವಿಭಜನೆಯಲ್ಲಿ ಗುಂಡಿ ಬಿಚ್ಚದೆ ಉಳಿದಿರಬೇಕು. ಹಾಗಾಗಿ ಉತ್ತರ: ತಾಯಿಯಲ್ಲಿ, ಎರಡನೆಯ ವಿಭಜನೆಯಲ್ಲಿ. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕೇಳುವುದು ಇಷ್ಟನ್ನೇ.

ಇಲ್ಲಿಗೇ ನಿಲ್ಲಿಸಬೇಡಿ. ಈ ಜೀನ್ ಇರುವುದು ಎಕ್ಸ್‌ನ ತುದಿಯ ಹತ್ತಿರ, ಗುಂಡಿಯಿಂದ ದೂರ. ಈಗ ಕತ್ತರಿ ತೆಗೆದುಕೊಂಡು ಒಂದು ಕೆಂಪು, ಒಂದು ನೀಲಿ ದಾರದ ತುದಿ ಅದಲುಬದಲು ಮಾಡಿ. ಕೆಂಪು ಜೋಡಿದಾರದಲ್ಲಿ ಒಂದು ‘ಬ’, ಒಂದು ‘ಸರಿ’. ನೀಲಿಯಲ್ಲೂ ಹಾಗೇ. ಈಗ ಮೊದಲ ವಿಭಜನೆಯನ್ನು ತಪ್ಪಿಸಿ ಎರಡನ್ನೂ ಒಂದೇ ಕಡೆ ಕಳಿಸಿ. ಎರಡನೆಯ ವಿಭಜನೆ ಸರಿಯಾಗಿಯೇ ನಡೆಯಲಿ. ಕೆಲವು ಸಲ ಒಂದು ಕೆಂಪು ದಾರ, ಒಂದು ನೀಲಿ ದಾರ ಸೇರಿ ಬರುತ್ತವೆ, ಎರಡರ ತುದಿಯಲ್ಲೂ ‘ಬ’ ಇರುತ್ತದೆ. ಹಾಗಾದರೆ ತಪ್ಪು ಎಲ್ಲಿ ಆಯಿತು ಎಂದು ತುದಿಯ ಚೀಟಿ ನೋಡಿ ಹೇಳಲು ಆಗುವುದಿಲ್ಲ. ಗುಂಡಿಯ ಪಕ್ಕದ ಬಣ್ಣ ನೋಡಬೇಕು. ಅಲ್ಲಿ ಎರಡು ಬಣ್ಣ ಇದ್ದರೆ ಮೊದಲ ವಿಭಜನೆ ತಪ್ಪಿದೆ, ಒಂದೇ ಬಣ್ಣ ಇದ್ದರೆ ಎರಡನೆಯದು. ಪ್ರಯೋಗಾಲಯದಲ್ಲಿ ಸಂಶೋಧಕರು ಸೆಂಟ್ರೋಮಿಯರ್ ಹತ್ತಿರದ ಡಿಎನ್‌ಎ ಗುರುತುಗಳನ್ನು ಹುಡುಕುವುದು ಇದೇ ಕಾರಣಕ್ಕೆ.